‘ನಿನ್ ಕ್ರಶ್ ಯಾರು?’ ಅಂತ ಕೇಳೋ ಮುಂಚೆ

ಮೊದಲೇ ಹೇಳಿಬಿಡ್ತೀವಿ. ನಾವು ಎಲ್‌ಕೆಜಿಯಿಂದ ಇಲ್ಲಿವರೆಗೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ, ಅವರ ಕಣ್ಣು ತಪ್ಪಿಸಿಕೊಂಡು ಬಂದಿದ್ರೆ ನೀವು ಕ್ಷಮಿಸಿ. ಟೈಪ್ ಮಾಡೋ ಕೈ ಒಂದೇ ಆದ್ರೂ ಮಾತು ನಮ್ಮ ಇಡೀ ಗ್ಯಾಂಗಿನದು. ತಪ್ಪೂ ಇಡೀ ಗ್ಯಾಂಗಿನದೇ. ಅದಕ್ಕೇ ‘ನಾವು’.

ಹೋದ ಸೆಮ್ ಮುಗಿದ ಮೇಲೆ ಕನ್ನಡ ಸಂಘದಿಂದ ಶಿಕಾರಿಪುರದ ಕಡೆ ಟ್ರಿಪ್ ಹೋಗಿದ್ವಲ್ಲ, ಅಲ್ಲಿಂದ ಶುರು ಮಾಡೋಣ. ಬಳ್ಳಿಗಾವಿ, ಉಡುತಡಿ ನೋಡಿಕೊಂಡು ಕೊನೆಗೆ ಬಂದಳಿಕೆಗೆ ಬಂದ್ವಿ. ಹಿಂದೆ ಬಂದಣಿಕೆ ಅಂತಿದ್ದ ಈ ಊರು ನಾಗರಖಂಡ ಎಪ್ಪತ್ತು ಅನ್ನೋ ನಾಡಿನ ಮುಖ್ಯ ಊರಾಗಿತ್ತಂತೆ. ಈಗ ಶಾಂತಿನಾಥ ಬಸದಿ, ಸೋಮೇಶ್ವರ ಗುಡಿ, ತ್ರಿಮೂರ್ತಿ ನಾರಾಯಣ ಗುಡಿ, ಸುತ್ತ ಶಾಸನದ ಕಲ್ಲುಗಳು. ನಮ್ಮ ಬಸ್ಸಿನವರು ಬಿಟ್ರೆ ಆವತ್ತು ಬೇರೆ ಯಾರೂ ಇರಲಿಲ್ಲ. ಕಟ್ಟಿಸಿಕೊಂಡು ಬಂದಿದ್ದ ಚಿತ್ರಾನ್ನ ತಿಂದು ಮರದ ನೆರಳಲ್ಲಿ ಕೂತಾಗ, ಎಂದಿನ ಹಾಗೆ ನಮ್ಮ ಒಬ್ಬ ಗೆಳೆಯನ ಕಾಲೆಳೆಯೋಕೆ ಶುರು ಮಾಡಿದ್ವಿ. ‘ಏನಪ್ಪಾ, ಅವಳು ಟ್ರಿಪ್ಪಿಗೆ ಬಂದಿಲ್ವಲ್ಲ, ಬೇಜಾರಾ?’

‘ಅವಳು’ ಅಂದ್ರೆ ಬೇರೆ ಬ್ರಾಂಚಿನ ಒಬ್ಬ ಹುಡುಗಿ. ಇವನ ಕ್ರಶ್ ಅಂತ ಮೂರು ಸೆಮ್‌ನಿಂದ ನಾವೆಲ್ಲ ನಂಬಿದ್ದ ಹುಡುಗಿ. ಅವಳು ಕಾರಿಡಾರಲ್ಲಿ ಹೋದ್ರೆ ನಾವು ಕೆಮ್ತಿದ್ವಿ. ಫೆಸ್ಟಲ್ಲಿ ಇವನನ್ನ ಅವಳ ಪಕ್ಕಕ್ಕೆ ತಳ್ಳಿ ಫೋಟೋ ತೆಗೆದಿದ್ವಿ.

ಅವನು ತಟ್ಟೆಯನ್ನೇ ನೋಡ್ತಾ ಹೇಳಿದ: ‘ಅವಳ ಮೇಲೆ ನಂಗೆ ಏನೂ ಇಲ್ಲ. ಯಾವತ್ತೂ ಇರಲಿಲ್ಲ. ಯಾರ ಮೇಲೂ ಇಲ್ಲ.’

ಆಮೇಲೆ ಇಡೀ ಕಥೆ ಹೊರಬಂತು. ಫಸ್ಟ್ ಇಯರ್ ಮೊದಲ ವಾರ, ಹಾಸ್ಟೆಲ್ ರೂಮಲ್ಲಿ ಎಲ್ಲರೂ ಒಬ್ಬೊಬ್ಬರ ಹೆಸರು ಹೇಳಬೇಕಿತ್ತು. ಇವನು ‘ಯಾರೂ ಇಲ್ಲ’ ಅಂದ. ನಾವು ಒಪ್ಪಲಿಲ್ಲ. ‘ಸುಳ್ಳು ಹೇಳಬೇಡ ಮಗಾ’ ಅಂದ್ವಿ. ಸುಳ್ಳು ಹೇಳೋವರೆಗೂ ಬಿಡಲಿಲ್ಲ. ಫಸ್ಟ್ ಇಯರಲ್ಲಿ ಎಲ್ಲ ಬ್ರಾಂಚೂ ಒಂದೇ ಸೆಕ್ಷನ್ ಆಗಿದ್ದರಿಂದ, ಆವತ್ತು ಬೆಳಿಗ್ಗೆ ಅಟೆಂಡೆನ್ಸ್ ಕರೆದಾಗ ಕಿವಿಗೆ ಬಿದ್ದಿದ್ದ ಒಂದು ಹೆಸರನ್ನ ಅವನು ಹೇಳಿದ. ಅಷ್ಟೇ.

ಅದಕ್ಕೆ ನಾವು ಕೊಟ್ಟ ಉತ್ತರ ನೆನೆಸಿಕೊಂಡ್ರೆ ಈಗಲೂ ನಾಚಿಕೆ ಆಗುತ್ತೆ. ‘ಸರಿಯಾದವಳು ಸಿಕ್ಕಿಲ್ಲ ಅಷ್ಟೇ ಕಣೋ, ಸಿಗ್ತಾಳೆ ಬಿಡು.’

ವಾಪಸ್ ಬರುವಾಗ ಬಸ್ಸಲ್ಲಿ ಅವನು ನಮ್ಮ ಗ್ರೂಪಿಗೆ ಒಂದು ಮಂಗಾದ ಹೆಸರು ಹಾಕಿದ. ಈ ಬರಹ ಆ ಮಂಗಾದ ಬಗ್ಗೆ, ಅದರ ಜೊತೆ ಆಮೇಲೆ ಓದಿದ ಇನ್ನೊಂದಿಷ್ಟರ ಬಗ್ಗೆ, ಮತ್ತೆ ನಾವು ಕೂತಿದ್ದ ಆ ನೆಲದ ಕಥೆಗಳ ಬಗ್ಗೆ. ಅವನನ್ನ ಕೇಳಿಕೊಂಡೇ ಬರೀತಿದೀವಿ.

ಹೆಸರಿನ ಕಷ್ಟ

ಇನ್ನೊಬ್ಬರ ಮೇಲೆ ದೈಹಿಕ ಆಕರ್ಷಣೆ ಆಗದೇ ಇರೋದಕ್ಕೆ ಅಸೆಕ್ಷುಯಲ್ ಅಂತಾರೆ. ‘ಲವ್ ಆಗೋದು’ ಅಂತೀವಲ್ಲ, ಆ ತರದ ಪ್ರೇಮದ ಸೆಳೆತ ಆಗದೇ ಇರೋದಕ್ಕೆ ಅರೊಮ್ಯಾಂಟಿಕ್ ಅಂತಾರೆ. ಎರಡೂ ಒಂದೇ ಅಲ್ಲ. ಕೆಲವರಿಗೆ ಒಂದು ಮಾತ್ರ, ಕೆಲವರಿಗೆ ಎರಡೂ. ಕೆಲವರಿಗೆ ಬಹಳ ಅಪರೂಪಕ್ಕೆ, ಬಹಳ ಹತ್ತಿರದವರ ಮೇಲೆ ಮಾತ್ರ ಆಗಬಹುದು. 2001ರಲ್ಲಿ ಅಮೆರಿಕದ ಡೇವಿಡ್ ಜೇ ಅನ್ನೋ ಕಾಲೇಜು ಹುಡುಗ ಏವೆನ್ ಅನ್ನೋ ವೆಬ್‌ಸೈಟ್ ಶುರು ಮಾಡಿದ ಮೇಲೆ ಇಂಥವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳೋಕೆ ಸಾಧ್ಯ ಆಯ್ತು.

ಕನ್ನಡದಲ್ಲಿ ‘ಅಲೈಂಗಿಕ’ ಅಂತ ಬರೀತಾರೆ. ನಮಗೆ ಆ ಪದ ಕೇಳಿದ ತಕ್ಷಣ ಹೈಸ್ಕೂಲ್ ಬಯಾಲಜಿ, ಅಮೀಬಾ ಎರಡು ಹೋಳಾಗೋದು, ಹೈಡ್ರಾ ಮೈಮೇಲೆ ಮೊಗ್ಗು ಮೂಡೋದೇ ನೆನಪಾಗುತ್ತೆ. ಗೆಳೆಯನಿಗೆ ಹೇಳಿದ್ವಿ, ಅವನೂ ನಕ್ಕ. ‘ನನ್ನನ್ನ ಅಮೀಬಾ ಅಂತ ಬೇಕಾದ್ರೆ ಕರೀರಿ, ಸನ್ಯಾಸಿ ಅನ್ಬೇಡಿ’ ಅಂದ.

ಈ ಮಾತು ಮುಖ್ಯ. ಬ್ರಹ್ಮಚರ್ಯ ಅನ್ನೋದು ವ್ರತ. ಹಸಿವಿದ್ದೂ ಊಟ ಬಿಡೋ ಹಾಗೆ. ಇವನು ಏನನ್ನೂ ಬಿಟ್ಟಿಲ್ಲ. ಯಾವ ದೊಡ್ಡ ಗುರಿಗೂ ತ್ಯಾಗ ಮಾಡಿಲ್ಲ. ಇವನಿಗೆ ಬ್ಯಾಕ್‌ಲಾಗ್ ಇದೆ, ಮಸಾಲೆ ದೋಸೆ ಹುಚ್ಚಿದೆ, ಅಮ್ಮ ದಿನಾ ರಾತ್ರಿ ಫೋನ್ ಮಾಡ್ತಾರೆ. ಕ್ರಶ್ ಇಲ್ಲ. ಅಷ್ಟೇ ವ್ಯತ್ಯಾಸ.

ಮಂಗಾದಲ್ಲಿ ಏನಾಗ್ತಿದೆ

ಲವ್ ಸ್ಟೋರಿ ಮಂಗಾದಲ್ಲಿ ಲವ್ವೇ ಆಗದವರಿಗೇನು ಕೆಲಸ ಅಂತ ನಾವೂ ಕೇಳಿದ್ವಿ. ಸಾಮಾನ್ಯವಾಗಿ ಒಂದೇ ಕೆಲಸ: ಮೊದಲ ಚಾಪ್ಟರಲ್ಲಿ ‘ನಂಗೆ ಲವ್ ಅಂದ್ರೇನೇ ಗೊತ್ತಿಲ್ಲ’ ಅನ್ನೋದು, ಕೊನೇ ಚಾಪ್ಟರಲ್ಲಿ ಕೆನ್ನೆ ಕೆಂಪಾಗೋದು. ಬಗ್ ಇದ್ದ ಕೋಡನ್ನ ಹೀರೋ ಬಂದು ಡೀಬಗ್ ಮಾಡಿದ ಹಾಗೆ.

ನಮಗೆ ತುಂಬ ಹಿಡಿಸಿದ, ಅಷ್ಟೇ ಜಗಳ ಹುಟ್ಟಿಸಿದ ಮಂಗಾ ‘ಬ್ಲೂಮ್ ಇನ್‌ಟು ಯು’. ನಾಕಾತಾನಿ ನಿಯೋ 2015ರಿಂದ 2019ರವರೆಗೆ ಬರೆದದ್ದು, ಒಟ್ಟು 8 ಸಂಪುಟ. ನಾಯಕಿ ಯೂಗೆ ಹಾಡುಗಳಲ್ಲಿ, ಮಂಗಾಗಳಲ್ಲಿ ಬರೋ ಆ ಹೊಳಪು ತನಗೂ ಯಾವತ್ತೋ ಬರುತ್ತೆ ಅಂತ ಆಸೆ. ಒಬ್ಬ ಹುಡುಗ ಬಂದು ಪ್ರೀತಿ ಹೇಳಿಕೊಂಡಾಗ ಎದೆ ಹಾರಬೇಕಿತ್ತು, ಹಾರಲಿಲ್ಲ. ಆ ಪುಟಗಳನ್ನ ಓದಿ ನಮ್ಮ ಗೆಳೆಯ ‘ಇದು ನಾನೇ’ ಅಂದುಕೊಂಡಿದ್ದನಂತೆ. ಆದ್ರೆ ಕಥೆ ಮುಂದೆ ಹೋದ ಹಾಗೆ ಯೂಗೆ ಸೀನಿಯರ್ ಟೋಕೋ ಮೇಲೆ ಪ್ರೀತಿ ಆಗೇ ಆಗುತ್ತೆ. ಅದು ಒಳ್ಳೇ ಕಥೆಯೇ. ಇಬ್ಬರು ಹುಡುಗಿಯರ ಪ್ರೀತಿಯನ್ನ ಅಷ್ಟು ಜೋಪಾನವಾಗಿ ಬರೆದದ್ದು ಕಡಿಮೆ. ತಡವಾಗಿ ಪ್ರೀತಿ ಹುಟ್ಟೋರೂ ಇರ್ತಾರೆ, ಅವರ ಕಥೆಯೂ ಬೇಕು. ಆದ್ರೆ ಇವನಿಗೆ ಮಾತ್ರ, ಜೊತೆಗೆ ಬಸ್ಸಿಗೆ ಕಾಯ್ತಿದ್ದ ಗೆಳತಿ ತನ್ನ ಬಸ್ಸು ಬಂತು ಅಂತ ಹತ್ತಿ ಹೋದ ಹಾಗಾಯ್ತಂತೆ.

ಅದೇ ಮಂಗಾದಲ್ಲಿ ಮಾಕಿ ಅನ್ನೋ ಹುಡುಗ ಇದಾನೆ. ಬೇರೆಯವರ ಪ್ರೇಮಕಥೆ ನೋಡೋದಂದ್ರೆ ಅವನಿಗೆ ಬಹಳ ಇಷ್ಟ, ತಾನು ಮಾತ್ರ ಪ್ರೇಕ್ಷಕರ ಸೀಟಲ್ಲೇ ಆರಾಮಾಗಿದಾನೆ. ಅವನನ್ನ ಯಾರೂ ಸ್ಟೇಜಿಗೆ ಎಳೆಯಲ್ಲ. ಸಣ್ಣ ಪಾತ್ರವೇ. ಆದ್ರೂ ಎಂಟು ಸಂಪುಟದ ಪ್ರೇಮಕಥೆಯಲ್ಲಿ ಪ್ರೇಮ ಬೇಡದವನಿಗೊಂದು ಕುರ್ಚಿ ಹಾಕಿದಾರಲ್ಲ, ಅದು ದೊಡ್ಡದು.

ಟ್ರಿಪ್ ದಿನ ಅವನು ಗ್ರೂಪಿಗೆ ಹಾಕಿದ್ದು ಇಸಾಕಿ ಉತಾ ಬರೆದ, ಇಂಗ್ಲಿಷಲ್ಲಿ ‘ಈಸ್ ಲವ್ ದಿ ಆನ್ಸರ್?’ ಅಂತ ಬಂದಿರೋ ಒಂದೇ ಸಂಪುಟದ ಮಂಗಾ. ಅದರ ಚಿಕಾಗೆ ತಾನು ಬೇರೆ ಗ್ರಹದಿಂದ ಬಂದವಳಾ ಅಂತಲೇ ಅನುಮಾನ. ಅವಳ ಗೆಳತಿಯರು ಹೇಳೋ ಮಾತು ಏನು ಗೊತ್ತಾ? ‘ಸರಿಯಾದವರು ಇನ್ನೂ ಸಿಕ್ಕಿಲ್ಲ ಅಷ್ಟೇ.’ ಬಂದಳಿಕೆಯಲ್ಲಿ ನಾವು ಹೇಳಿದ ಡೈಲಾಗು ಟೋಕಿಯೋದಲ್ಲಿ ಮೊದಲೇ ಪ್ರಿಂಟ್ ಆಗಿತ್ತು! ಚಿಕಾ ಕಾಲೇಜಿಗೆ ಬಂದ ಮೇಲೆ ತನ್ನಂಥವರನ್ನ ನೋಡ್ತಾಳೆ, ತನಗೊಂದು ಪದ ಇದೆ ಅಂತ ಗೊತ್ತಾಗುತ್ತೆ.

ಶಿರೋನೋ ಹೊನಾಮಿಯ ‘ಐ ವಾಂಟ್ ಟು ಬಿ ಎ ವಾಲ್’ ನಮ್ಮ ಮನೆಗಳಿಗೆ ಇನ್ನೂ ಹತ್ತಿರ. ಅಲ್ಲಿ ಅಸೆಕ್ಷುಯಲ್ ಆಗಿರೋ ಯೂರಿಕೋ, ಗೇ ಆಗಿರೋ ಗಾಕುರೋತಾನನ್ನ ಮದುವೆ ಆಗ್ತಾಳೆ. ಯಾಕೆ? ಮನೆಯವರ ಸಮಾಧಾನಕ್ಕೆ. ‘ನಾಲ್ಕು ಜನ ಏನಂತಾರೆ’ ಅನ್ನೋ ವಾಕ್ಯ ಜಪಾನಿನಲ್ಲೂ ಇದೆ ಅನ್ಸುತ್ತೆ. ಆದ್ರೆ ಮದುವೆ ಆದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳೋಕೆ ಪಡೋ ಪಾಡು ಇದೆಯಲ್ಲ, ಅದಕ್ಕೆ ಪ್ರೇಮ ಅನ್ನೋಕಾಗಲ್ಲ, ಏನೂ ಅಲ್ಲ ಅನ್ನೋಕಂತೂ ಆಗೋದೇ ಇಲ್ಲ. 2022ರಲ್ಲಿ ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯಲ್ಲೇ ‘ಕೊಯಿಸೆನು ಫುತಾರಿ’ ಅನ್ನೋ ಧಾರಾವಾಹಿ ಬಂತು. ಪ್ರೇಮವೇ ಇಲ್ಲದ ಇಬ್ಬರು ಒಂದು ಕುಟುಂಬ ಆಗೋಕೆ ಪ್ರಯತ್ನಿಸೋ ಕಥೆ. ನಮ್ಮ ದೂರದರ್ಶನದಲ್ಲಿ ಇಂಥದ್ದು ಬಂದ್ರೆ ನಮ್ಮ ಅಜ್ಜಿ ಏನಂತಾರೆ ಅಂತ ಯೋಚಿಸಿದ್ವಿ. ಏನೂ ಅನ್ನದೆ ನೋಡ್ತಾರೇನೋ. ಪ್ರೀತಿ-ಪ್ರೇಮದ ಹಂಗಿಲ್ಲದೆ ಒಂದು ಮನೆಯನ್ನ ಐವತ್ತು ವರ್ಷ ನಡೆಸಿದವರು ಅವರು.

ನಮ್ಮ ನೆಲದಲ್ಲಿ ಹುಡುಕಿದ್ರೆ

ಇದೆಲ್ಲ ಫಾರಿನ್ನಿಂದ ಬಂದ ಫ್ಯಾಷನ್ ಅಂತ ಒಬ್ಬ ಸೀನಿಯರ್ ಅಂದ್ರು. ಅದಕ್ಕೇ ನಾವು ಆ ಟ್ರಿಪ್ಪಲ್ಲಿ ಕೇಳಿದ ಕಥೆಗಳನ್ನೇ ಮತ್ತೆ ತೆಗೆದು ನೋಡಿದ್ವಿ. ಬಂದಳಿಕೆ ಇರೋ ತಾಲೂಕಲ್ಲೇ ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಇವೆಯಲ್ಲ.

ಅಲ್ಲಮನಿಗೆ ಎರಡು ಕಥೆ ಇದೆ. ಹರಿಹರನ ರಗಳೆಯಲ್ಲಿ ಅವನು ಮದ್ದಳೆ ಬಾರಿಸೋ ಯುವಕ, ಕಮಲತೆಯನ್ನ ಮನಸಾರೆ ಪ್ರೀತಿಸ್ತಾನೆ. ಅವಳು ಜ್ವರ ಬಂದು ತೀರಿಕೊಳ್ತಾಳೆ. ಆ ದುಃಖದಲ್ಲಿ ಅಲೆಯುವಾಗ ಅನಿಮಿಷಯ್ಯ ಅನ್ನೋ ಗುರು ಸಿಗ್ತಾನೆ, ಇವನ ದಾರಿ ಬದಲಾಗುತ್ತೆ. (‘ಕಿರಿಕ್ ಪಾರ್ಟಿ’ ನೋಡಿದವರಿಗೆ ಸಾನ್ವಿ ನೆನಪಾದ್ರೆ ನಮ್ಮ ತಪ್ಪಲ್ಲ. ನಾಯಕ ಬೆಳೆಯೋಕೆ ಹುಡುಗಿ ಸಾಯಬೇಕು ಅನ್ನೋ ಪದ್ಧತಿ ಹಳೇದು.) 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಕಥೆ ಪೂರ್ತಿ ತಿರುಗುಮುರುಗು. ಅಲ್ಲಿ ಕಮಲತೆ ಇಲ್ಲ. ಸೊರಬ ದಾಟಿದ್ರೆ ಸಿಗೋ ಬನವಾಸಿಯ ರಾಜಕುಮಾರಿ ಮಾಯೆ ಅಲ್ಲಮನ ಮೇಲೆ ಮೋಹಗೊಳ್ತಾಳೆ. ಅವನು ಅವಳೆದುರೇ ಮದ್ದಳೆ ಬಾರಿಸ್ತಾನೆ, ಅವಳ ಮೋಹ ಮಾತ್ರ ಅವನಿಗೆ ತಟ್ಟೋದೇ ಇಲ್ಲ.

ಮೊದಲ ಸಲ ಇದನ್ನ ಓದಿ ‘ಸಿಕ್ತು! ನಮ್ಮ ಕನ್ನಡದ ಮೊದಲ ಅರೊಮ್ಯಾಂಟಿಕ್ ನಾಯಕ’ ಅಂತ ಕುಣಿದ್ವಿ. ಆಮೇಲೆ ನಿಧಾನಕ್ಕೆ ಗೊತ್ತಾಯ್ತು, ಹಾಗಲ್ಲ. ಚಾಮರಸನ ಅಲ್ಲಮನಿಗೆ ಮೋಹ ತಟ್ಟದೇ ಇರೋದು ಅವನು ದೇವರ ಮಟ್ಟದವನು ಅನ್ನೋ ಕಾರಣಕ್ಕೆ. ಮಾಯೆಯೂ ಬರೀ ಹುಡುಗಿ ಅಲ್ಲ, ಪಾರ್ವತಿ ಅವನ ಪರೀಕ್ಷೆಗೆ ಕಳಿಸಿದ ಅಂಶ. ಅಂದ್ರೆ ಪ್ರೇಮ ಇಲ್ಲದಿರೋದಕ್ಕೆ ಹರಿಹರನಲ್ಲಿ ಒಂದು ಕಾರಣ, ಪ್ರೀತಿಸಿ ಕಳೆದುಕೊಂಡ. ಚಾಮರಸನಲ್ಲಿ ಇನ್ನೊಂದು, ಮನುಷ್ಯನಿಗಿಂತ ಮೇಲಿನವನು. ಇಬ್ಬರೂ ನಮಗಿಂತ ಸಾವಿರ ಪಾಲು ದೊಡ್ಡ ಕವಿಗಳು, ಅವರು ಬರೆಯೋಕೆ ಹೊರಟದ್ದೇ ಬೇರೆ. ಅದನ್ನ ತಪ್ಪು ಅಂತಿಲ್ಲ. ಆದ್ರೆ ಇವತ್ತಿಗೂ ನಾವು ಆ ಎರಡೇ ಕಾರಣ ಕೇಳ್ತೀವಿ. ‘ಬ್ರೇಕಪ್ ಆಗಿದ್ಯಾ?’ ಇಲ್ಲಾಂದ್ರೆ ‘ಏನ್ ಸ್ವಾಮೀಜಿ ಆಗ್ತೀಯಾ?’

ಅಕ್ಕನ ವಿಷಯದಲ್ಲೂ ಇದೇ ಎಡವಟ್ಟು ಮಾಡಿಕೊಳ್ಳೋದಿದ್ವಿ. ಕೌಶಿಕನ ಅರಮನೆ ಬಿಟ್ಟು ನಡೆದವಳು ಅಂತ ಅವಳನ್ನೂ ಈ ಪಟ್ಟಿಗೆ ಸೇರಿಸೋಣ ಅಂತಿದ್ದಾಗ ನಮ್ಮ ಗೆಳೆಯನೇ ತಡೆದ. ‘ಅವಳ ವಚನ ಓದಿದೀರಾ? ಚೆನ್ನಮಲ್ಲಿಕಾರ್ಜುನನಿಗಾಗಿ ಅಷ್ಟು ಹಂಬಲಿಸಿದವಳು ಇನ್ನೊಬ್ಬರಿಲ್ಲ. ಅವಳಿಗೆ ಪ್ರೀತಿ ಇತ್ತು, ಕೌಶಿಕನ ಮೇಲೆ ಇರಲಿಲ್ಲ. ನನ್ನ ವಿಷಯ ಬೇರೆ.’ ಸರಿ ಅನ್ನಿಸ್ತು. ನಮಗೆ ಬೇಕಾದ ಲೇಬಲ್ಲನ್ನ ಎಂಟುನೂರು ವರ್ಷ ಹಿಂದಿನವರಿಗೆ ಅಂಟಿಸೋದೂ ಒಂದು ತರ ‘ನಿನ್ ಕ್ರಶ್ ಯಾರು’ ಅಂತ ಹೆಸರು ಕಟ್ಟೋದೇ.

ಕೊನೆಗೆ ನಮಗೆ ನಿಜಕ್ಕೂ ಪ್ರಯೋಜನ ಆದದ್ದು ಬಂದಳಿಕೆಯ ಶಾಸನವೇ. ರಾಷ್ಟ್ರಕೂಟರ ಕಾಲ, 10ನೇ ಶತಮಾನದ ಮೊದಲ ಭಾಗ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಅವಳು ಆ ನಾಡನ್ನ ಸಮರ್ಥವಾಗಿ ಆಳಿದಳು. ಕಾಯಿಲೆ ಬಿದ್ದಾಗ ಮಗಳನ್ನ ಕರೆಸಿ ಎಲ್ಲ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ವ್ರತ ಹಿಡಿದು ಪ್ರಾಣ ಬಿಟ್ಟಳು. ಅವಳಿಗೆ ಗಂಡನ ಮೇಲೆ ಎಷ್ಟು ಪ್ರೀತಿ ಇತ್ತೋ, ಆಮೇಲೆ ಯಾರಾದ್ರೂ ಮನಸ್ಸಿಗೆ ಬಂದರೋ, ಅದು ನಮ್ಮ ಲೆಕ್ಕಕ್ಕೆ ಬೇಡದ ವಿಷಯ. ಶಾಸನದ ಲೆಕ್ಕಕ್ಕೂ ಬೇಡದ ವಿಷಯ. ಅದು ಅವಳ ರೂಪವನ್ನೂ ಹೊಗಳುತ್ತೆ ನಿಜ, ಹೆಣ್ಣಾಗಿದ್ದೂ ಇಷ್ಟು ಪರಾಕ್ರಮ ಅಂತ ಅಚ್ಚರಿಯನ್ನೂ ಪಡುತ್ತೆ. ಆದ್ರೆ ಅವಳನ್ನ ಕಲ್ಲಿನ ಮೇಲೆ ಬರೆಯೋಕೆ ಕಾರಣ ಆದದ್ದು ಅವಳ ಆಡಳಿತ, ಅವಳ ನಂಬಿಕೆ, ಅವಳ ಸಾವು. ಒಬ್ಬರ ಬದುಕು ಹೇಳೋಕೆ ಲವ್ ಸ್ಟೋರಿಯೇ ಬೇಕು ಅಂತಿಲ್ಲ ಅನ್ನೋದನ್ನ ಆ ಊರಿನ ಕಲ್ಲು ಸಾವಿರ ವರ್ಷದ ಹಿಂದೇ ಮಾಡಿ ತೋರಿಸಿತ್ತು. ಅದರ ಮುಂದೆ ಕೂತುಕೊಂಡು ನಾವು ಕಾಲೆಳೀತಿದ್ವಿ.

ಹಾಗಾದ್ರೆ ಏನು ಬೇಕು

ನಮ್ಮ ವಾದ ಇಷ್ಟೇ. ಪ್ರೇಮ ಆಗದವರಿಗೆ ಕಥೆಯಲ್ಲಿ ರೋಗಿಯ ಪಾತ್ರ ಕೊಡ್ತೀವಿ, ಕೊನೆಗೆ ವಾಸಿ ಮಾಡ್ತೀವಿ. ಇಲ್ಲಾಂದ್ರೆ ಸಂತನ ಪಾತ್ರ ಕೊಡ್ತೀವಿ, ಕೈ ಮುಗೀತೀವಿ. ಎರಡರಲ್ಲೂ ಪಕ್ಕದಲ್ಲಿ ಕೂರಿಸಿಕೊಳ್ಳಲ್ಲ. ಮೇಲೆ ಹೇಳಿದ ಮಂಗಾಗಳು ಮಾಡಿದ ಕೆಲಸ ಪಕ್ಕದಲ್ಲಿ ಕೂರಿಸಿಕೊಂಡಿದ್ದು. ಅದೂ ಲವ್ ಸ್ಟೋರಿಗಳ ಒಳಗೇ. ಪ್ರೇಮಕಥೆ ಬೇಡ ಅಂತ ನಾವು ಹೇಳ್ತಿಲ್ಲ. ನಮ್ಮಲ್ಲಿ ಇಬ್ಬರು ಇಂಟರ್ನಲ್ಸ್ ಬಿಟ್ಟು ರೊಮ್ಯಾನ್ಸ್ ಮಂಗಾ ಓದೋರು. ಆ ಕ್ಲಾಸ್‌ರೂಮಲ್ಲಿ, ಆ ಕ್ಯಾಂಟೀನಲ್ಲಿ ಇಂಥ ಒಬ್ಬರೂ ಇರಲಿ, ಕೊನೆ ಚಾಪ್ಟರ್‌ವರೆಗೂ ಹಾಗೇ ಇರಲಿ ಅಂತ ಅಷ್ಟೇ.

‘ಹತ್ತೊಂಬತ್ತು ವರ್ಷಕ್ಕೇ ಹೇಗೆ ಗೊತ್ತಾಗುತ್ತೆ, ಮುಂದೆ ಬದಲಾದ್ರೆ?’ ಅಂತ ಕೇಳೋರಿದಾರೆ. ಬದಲಾದ್ರೆ ಆಗಲಿ, ಅವನೇ ಹೇಳ್ತಾನೆ. ಆದ್ರೆ ಹತ್ತೊಂಬತ್ತಕ್ಕೆ ಕ್ರಶ್ ಆಗಿದೆ ಅನ್ನೋರಿಗೆ ‘ನಿಂಗಿನ್ನೂ ಚಿಕ್ಕ ವಯಸ್ಸು, ಮುಂದೆ ಯಾರನ್ನೂ ಇಷ್ಟಪಡದೆ ಇರಬಹುದು, ಕಾದು ನೋಡು’ ಅಂತ ನಾವು ಯಾವತ್ತಾದ್ರೂ ಹೇಳಿದೀವಾ?

ಇನ್ನೊಂದು ಮಾತು. ಇಂಗ್ಲಿಷಲ್ಲಿ ಎಲ್ಲದಕ್ಕೂ ಲವ್. ಕನ್ನಡದಲ್ಲಿ ಪ್ರೇಮ, ಮೋಹ, ಒಲವು, ಮಮತೆ, ಅಕ್ಕರೆ, ಸಲುಗೆ ಅಂತ ಬೇರೆಬೇರೆ ಇವೆ. ಇಂಗ್ಲಿಷ್ ಮೀಡಿಯಂನ ನಾವು ಇವನ್ನೆಲ್ಲ ಒಂದೇ ಡಬ್ಬಿಗೆ ತುಂಬಿ, ಒಂದು ಇಲ್ಲ ಅಂದವನಿಗೆ ಯಾವುದೂ ಇಲ್ಲ ಅಂತ ತೀರ್ಪು ಕೊಡ್ತೀವಿ. ನಮ್ಮಲ್ಲೊಬ್ಬರಿಗೆ ಡೆಂಗ್ಯೂ ಆದಾಗ ನಾಲ್ಕು ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಮಲಗಿದ್ದವನು ಈ ಗೆಳೆಯನೇ. ಅದಕ್ಕೆ ಹೆಸರಿದೆ, ಅಕ್ಕರೆ ಅಂತ.

ಆ ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳಿದ್ವಿ. ಅವಳಿಗೆ ಮೊದಲಿಂದಲೂ ನಮ್ಮ ಕೆಮ್ಮು ಕೇಳಿಸ್ತಾನೇ ಇತ್ತಂತೆ. ನಮ್ಮ ಗುಂಪು ಇರುತ್ತೆ ಅಂತ ಹನ್ನೊಂದರ ಬ್ರೇಕಲ್ಲಿ ಕ್ಯಾಂಟೀನಿಗೆ ಬರೋದನ್ನೇ ಬಿಟ್ಟಿದ್ದಳಂತೆ. ‘ಒಂದೂವರೆ ವರ್ಷ’ ಅಂದಳು. ಬೇರೇನೂ ಹೇಳಲಿಲ್ಲ. ‘ಯಾರೂ ಇಲ್ಲ’ ಅನ್ನೋ ಉತ್ತರವನ್ನ ನಾವು ಒಪ್ಪದೇ ಇದ್ದದ್ದಕ್ಕೆ ಇಬ್ಬರು ದಂಡ ಕಟ್ಟಿದರು.

ಇನ್ನೇನು ಫಸ್ಟ್ ಇಯರ್‌ನವರು ಬರ್ತಾರೆ. ಫ್ರೆಷರ್ಸ್ ಡೇ ಸ್ಟೇಜಲ್ಲಿ ಮೈಕ್ ಕೊಟ್ಟು ಅದೇ ಪ್ರಶ್ನೆ ಕೇಳೋ ಪದ್ಧತಿ ನಮಗೂ ಗೊತ್ತು, ನಿಮಗೂ ಗೊತ್ತು. ಈ ಸಲ ಸಂಘದ ಕಡೆಯಿಂದ ನಿರೂಪಣೆ ನಮ್ಮದೇ. ‘ಕೊನೆಗೆ ಓದಿದ ಕಥೆ ಯಾವುದು?’ ಅಂತ ಕೇಳೋಣ ಅಂತಿದೀವಿ. ಬೇರೆ ಒಳ್ಳೇ ಪ್ರಶ್ನೆ ಇದ್ರೆ ಹೇಳಿ, ಪಟ್ಟಿಗೆ ಸೇರಿಸ್ಕೊತೀವಿ. ಕನ್ನಡದಲ್ಲೇ ಇಂಥ ಒಂದು ಪಾತ್ರ ಇರೋ ಕಥೆ ಬರೆಯೋರಿದ್ರೆ ಈ ಮ್ಯಾಗಜೀನಿಗೆ ಕಳಿಸಿ. ಮೊದಲು ಓದೋಕೆ ನಮ್ಮ ರೂಮಲ್ಲೇ ಒಬ್ಬ ಕಾಯ್ತಿದಾನೆ.